ಚಿತ್ರ ಬರೆಯಲು ಮೊದಲ ಪಾಠ

‘ನನಗೆ ಚಿತ್ರ ಬರೆಯಲು ಬಾರದು’ ಎನ್ನುವವರೇ ನಮ್ಮಲ್ಲಿ ಹೆಚ್ಚು. ಶಾಲೆ ಬಿಟ್ಟ ಮೇಲೆ ಪೆನ್ಸಿಲನ್ನು ಲೆಕ್ಕಪತ್ರಕ್ಕಲ್ಲದೆ ಹಿಡಿಯದ ಇವರು, ಚಿತ್ರಕಲೆಯು ಹುಟ್ಟಿನಿಂದಲೇ ಬರಬೇಕಾದ ವರವೆಂದು ಭಾವಿಸುತ್ತಾರೆ. ವಾಸ್ತವವಾಗಿ ಆರಂಭದಲ್ಲಿ ತಪ್ಪುವುದು ಕೈಗಿಂತ ಹೆಚ್ಚಾಗಿ ಕಣ್ಣು. ನಾವು ಕಂಡದ್ದನ್ನು ಬರೆಯದೆ, ತಿಳಿದದ್ದನ್ನು ಬರೆಯುತ್ತೇವೆ.

ಅಡಿಗೆಮನೆಯ ಸ್ಟೀಲ್ ಲೋಟವೇ ಇದಕ್ಕೆ ಸಾಕ್ಷಿ. ಬಾಯಿ ದುಂಡಗಿದೆಯೆಂದು ಬಲ್ಲ ನಾವು ಮೇಲೆ ಪೂರ್ಣ ವೃತ್ತವನ್ನೆಳೆಯುತ್ತೇವೆ. ಮೇಜಿನ ಮೇಲೆ ಸಮನಾಗಿ ಕುಳಿತಿದೆಯೆಂದು ಬುಡಕ್ಕೆ ನೇರಗೆರೆ ಹಾಕುತ್ತೇವೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿರಿ: ಬಾಯಿ ಒಂದು ಗೆರೆಯಂತೆ ಕಾಣುವುದು. ಕೆಳಗಿಳಿಸಿದಂತೆಲ್ಲ ಅದು ದೀರ್ಘವೃತ್ತವಾಗಿ ತೆರೆದುಕೊಳ್ಳುವುದು. ಬುಡವು ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಗಿರುವುದು. ಇಷ್ಟನ್ನು ಗಮನಿಸಿ ಬರೆದರೆ ಕಾಗದದ ಮೇಲಿನ ಲೋಟಕ್ಕೆ ನೀರು ಹಿಡಿಯುವ ಆಳ ಬರುತ್ತದೆ.

ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ 1904ರಲ್ಲಿ ಕಿರಿಯ ಕಲಾವಿದನೊಬ್ಬನಿಗೆ ಬರೆದ ಪತ್ರದಲ್ಲಿ, ನಿಸರ್ಗವನ್ನು ಸ್ತಂಭ, ಗೋಳ, ಶಂಕುಗಳ ಮೂಲಕ ಕಾಣುವಂತೆ ಸೂಚಿಸಿದ್ದನು. ನಮ್ಮ ಮನೆಯ ಚೊಂಬು ಗೋಳದ ಮೇಲೆ ಕುಳಿತ ಗಿಡ್ಡ ಸ್ತಂಭವಲ್ಲದೆ ಮತ್ತೇನು?

ಅಭ್ಯಾಸಕ್ಕೆ ಒಂದು 2ಬಿ ಪೆನ್ಸಿಲು, ಹಳೆಯ ಕಾಗದ, ದಿನಕ್ಕೆ 15 ನಿಮಿಷ ಸಾಕು. ಮೊದಲ ವಾರ ವೃತ್ತ, ಚೌಕ, ತ್ರಿಕೋನಗಳನ್ನು ಹಗುರವಾಗಿ, ಮಣಿಕಟ್ಟಿನಿಂದಲ್ಲದೆ ಇಡೀ ತೋಳನ್ನು ಆಡಿಸಿ ಬರೆಯಿರಿ. ರಂಗೋಲಿಯಲ್ಲಿ ಪಳಗಿದ ಗೃಹಿಣಿಯರಿಗೆ ಇದು ಸುಲಭ. ಅನಂತರ ದೀರ್ಘವೃತ್ತ; ಆಮೇಲೆ ಗೋಳ, ಘನ, ಸ್ತಂಭ, ಶಂಕು. ತಪ್ಪಿದ ಗೆರೆಯನ್ನು ರಬ್ಬರಿನಿಂದ ಅಳಿಸದೆ, ಅದರ ಪಕ್ಕದಲ್ಲೇ ಸರಿಯಾದುದನ್ನು ಎಳೆಯಿರಿ. ಎಲ್ಲಿ ತಪ್ಪಿತೆಂಬುದನ್ನು ಹಳೆಯ ಗೆರೆಯೇ ತೋರಿಸುವುದು. ಕೊನೆಗೆ ಒಂದೇ ಕಡೆಯಿಂದ ಬೆಳಕು ಬೀಳುವಂತೆ ವಸ್ತುವನ್ನಿಟ್ಟು, ಬೆಳಕು, ನಸುನೆರಳು, ಕಡುನೆರಳುಗಳನ್ನು ತುಂಬಿರಿ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯಲ್ಲಿ ನೆಲೆಸಿದ ಕೆ. ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ನರ್ತನದ ಚಲನೆಯನ್ನು ಹಿಡಿದಿಟ್ಟರು. ಅಂತಹ ರೇಖೆ ಎಲ್ಲರಿಗೂ ಒಲಿಯಲಾರದು. ಆದರೆ ರೈಲು ಬಸ್ಸುಗಳ ನೂಕುನುಗ್ಗಲಿನಲ್ಲಿ ಬಳಲಿ ಮನೆ ಸೇರುವ ನಗರವಾಸಿಗೆ, ಒಂದು ವಸ್ತುವನ್ನು ಕಾಲು ಗಂಟೆ ನೆಮ್ಮದಿಯಿಂದ ನೋಡುವುದೇ ದೊಡ್ಡ ವಿಶ್ರಾಂತಿ. ಚಿತ್ರವು ಸೊಟ್ಟಗಾದರೂ ಚಿಂತೆಯಿಲ್ಲ. ನೋಟವು ನೆಟ್ಟಗಾಗುತ್ತಾ ಬರುವುದು.