ಗಾಲಿಯ ಕಲ್ಲು ತೆಗೆದ ಹೊತ್ತು

ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆಗೆ. ಆದರೂ ಹುಬ್ಬಳ್ಳಿ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನಕ್ಷೆಯ ಮೇಲೊಂದು ದಾರ ಎಳೆದು ನೋಡಿ. ಅದು ದಾವಣಗೆರೆಯ ಈಶಾನ್ಯಕ್ಕೆ ಇಪ್ಪತ್ತು ಕಿ.ಮೀ. ಒಳಗೇ ಹಾದು, ಚಿತ್ರದುರ್ಗವನ್ನು ಸವರಿಕೊಂಡು ಹೋಗುತ್ತದೆ. ಉದ್ದ ಸುಮಾರು 370 ಕಿ.ಮೀ. ಹರಿಹರ, ದಾವಣಗೆರೆ, ಅರಸೀಕೆರೆ ಎಂದು ಬಳಸುವ ರೈಲುದಾರಿ ಇದಕ್ಕಿಂತ ನೂರು ಕಿ.ಮೀ. ಹೆಚ್ಚು.

ದಾರ ಎಂದದ್ದು ಸುಮ್ಮನೆ ಅಲ್ಲ. ಭೂಮಿ ಗುಂಡಗಿದೆ, ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಗೋಳದ ಮೈಮೇಲೆ ದೂರ ಕಟ್ಟಬೇಕು. ನಮ್ಮ ಸೀಮೆಯಲ್ಲಿ ತೆಂಕು-ಬಡಗು ಒಂದು ಡಿಗ್ರಿಗೆ ಸುಮಾರು 111 ಕಿ.ಮೀ., ಮೂಡು-ಪಡುವಲು ಸುಮಾರು 108. ಹುಬ್ಬಳ್ಳಿ–ಬೆಂಗಳೂರಿನಷ್ಟು ಹತ್ತಿರದಲ್ಲಿ, ನೆಲ ಕೊರೆದು ನೇರ ಹೋದರೂ ಬಾಗಿದ ಮೈಮೇಲೆ ಹೋದರೂ ವ್ಯತ್ಯಾಸ ಐವತ್ತು ಮೀಟರು ಅಷ್ಟೆ. ಅದನ್ನೂ ಲೆಕ್ಕಕ್ಕೆ ಹಿಡಿಯುವ ಹಟ, ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಕಟ್ಟಿದ ಹಳಬರಿಗೆ ಅರ್ಥವಾದೀತು. ದೂರ ಹೆಚ್ಚಾದಾಗ ಮಾತ್ರ ಬಾಗು ಆಟವಾಡಿಸುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಬಂದರು. ಗೋಡೆಯ ನಕ್ಷೆ ನೋಡಿದವರಿಗೆ ಇದು ಹುಚ್ಚು ಸುತ್ತು. ಗೋಳಕ್ಕೆ ದಾರ ಬಿಗಿದವರಿಗೆ ಹತ್ತಿರದ ದಾರಿ.

ಇನ್ನು ಹೊತ್ತು. ನಿಜವಾದ ಕುಸುರಿ ಇಲ್ಲಿದೆ. ಇಂಥ ಗಿಡ್ಡ ಹಾದಿಗೆ ಹೊಂದುವ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಭಾಗಿಸಿದರೆ ಮುಕ್ಕಾಲು ಗಂಟೆ. ಟಿಕೆಟ್ಟಿನಲ್ಲಿ ಮಾತ್ರ ಗಂಟೆ ಮೀರಿರುತ್ತದೆ. ಯಾಕೆಂದರೆ ಅಲ್ಲಿರುವುದು ಹಾರುವ ಹೊತ್ತಲ್ಲ, ‘ಬ್ಲಾಕ್ ಟೈಮ್’. ನಮ್ಮ ಲಾರಿಯವರು ಗಾಲಿಗೆ ಕಲ್ಲು ಕೊಡುವಂತೆ ವಿಮಾನದ ಗಾಲಿಗೂ ಅಡ್ಡ ಕೊಟ್ಟಿರುತ್ತಾರೆ. ಅದನ್ನು ತೆಗೆದಲ್ಲಿಂದ, ಇಳಿದ ಊರಲ್ಲಿ ಮತ್ತೆ ಕೊಡುವವರೆಗೆ ಈ ಲೆಕ್ಕ. ರನ್‌ವೇವರೆಗಿನ ತೆವಳಿಕೆ, ನಿಧಾನದ ಏರು, ಸರದಿಗೆ ಕಾಯುತ್ತ ಹೊಡೆಯುವ ಸುತ್ತು ಎಲ್ಲ ಅದರೊಳಗೆ.

ಫ್ಲೈಟ್ ಡಿಸ್ಪ್ಯಾಚರ್ ಇವನ್ನೆಲ್ಲ ಹೊರಡುವ ಮೊದಲೇ ಕೂಡಿಸುತ್ತಾರೆ. ಅವರಿಗೆ ಗಾಳಿಯೇ ದೊಡ್ಡ ಲೆಕ್ಕ. ಗಂಟೆಗೆ 40 ಕಿ.ಮೀ. ಗಾಳಿ ಬೆನ್ನಿಗಿದ್ದರೆ 41 ನಿಮಿಷದ ಹಾದಿ, ಎದುರಾದರೆ 48. ಆದರೆ ಬೆನ್ನಿಗಿರುವ ಗಾಳಿ ಇಳಿಯುವಾಗ ಕೈಕೊಡುತ್ತದೆ! ದೇವನಹಳ್ಳಿಯ ರನ್‌ವೇಗಳು ಮೂಡು-ಪಡುವಲಾಗಿ ಚಾಚಿವೆ. ವಿಮಾನ ಇಳಿಯಬೇಕಾದದ್ದು ಗಾಳಿಗೆ ಎದುರಾಗಿ. ಮುಂಗಾರಿನ ಪಡುವಣ ಗಾಳಿಗೆ ಹುಬ್ಬಳ್ಳಿಯಿಂದ ಬಂದ ವಿಮಾನ, ದೇವನಹಳ್ಳಿ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸಿದರೆ ಈ ಕಡೆಯಿಂದಲೇ ನೆಲ ಮುಟ್ಟಬಹುದು. ಹಾದಿಯಲ್ಲಿ ಕಳೆದುಕೊಂಡದ್ದನ್ನು ಬಾಗಿಲಲ್ಲಿ ಪಡೆದಂತೆ.

ಇದರ ಮೇಲೆ ಇಂಧನದ ಮುಂಜಾಗ್ರತೆ: ಹಾದಿಗೆ ಬೇಕಾದಷ್ಟು, ಅದಕ್ಕೊಂದಿಷ್ಟು ಹೆಚ್ಚುವರಿ, ಇಳಿಯಲಾಗದಿದ್ದರೆ ಬೇರೊಂದು ನಿಲ್ದಾಣಕ್ಕೆ ಹೋಗುವಷ್ಟು, ಕೊನೆಗೆ ಅರ್ಧ ಗಂಟೆ ಸುತ್ತುವಷ್ಟು. ಪ್ರಯಾಣಿಕರು ನೋಡುವುದು ಟಿಕೆಟ್ಟಿನ ಒಂದೇ ಅಂಕಿ. ಅದರ ಹಿಂದೆ ಇಷ್ಟೊಂದು ಕೂಡು-ಕಳೆ ಇದೆಯೆಂದು ತಿಳಿದ ಮೇಲೆ ಹತ್ತು ನಿಮಿಷ ತಡವಾದರೂ ನನಗೆ ಗೊಣಗಲು ಮನಸ್ಸಾಗದು.

ದಾವಣಗೆರೆಯವರ ಬ್ಲಾಕ್ ಟೈಮ್ ಮಾತ್ರ ಬೇರೆ. ಮನೆ ಮುಂದಿನ ಕಾರು ಹೊರಡುತ್ತಲೇ ನಮ್ಮ ಗಡಿಯಾರ ಶುರು. ಹುಬ್ಬಳ್ಳಿಗೆ ಸುಮಾರು 150 ಕಿ.ಮೀ. ಹಿಂದಕ್ಕೆ ಹೋಗಿ, ವಿಮಾನ ಹತ್ತಿ, ಮತ್ತೆ ನಮ್ಮೂರಿನ ಪಕ್ಕದಲ್ಲೇ ಹಾರಿಕೊಂಡು ಬೆಂಗಳೂರಿಗೆ.