ಜೇನುಪೆಟ್ಟಿಗೆಗಳ ನಡುವೆ ಎಷ್ಟು ಅಂತರ ಬೇಕು?



ತೋಟದ ಮನೆಯ ಸೂರಿನಡಿಯಲ್ಲೋ ಕಣದ ಅಂಚಿನಲ್ಲೋ ನಾಲ್ಕಾರು ಜೇನುಪೆಟ್ಟಿಗೆಗಳನ್ನು ಒತ್ತೊತ್ತಾಗಿ ಸಾಲಿಟ್ಟಿರುವುದನ್ನು ಹಲವು ಕಡೆ ಕಾಣುತ್ತೇವೆ. ನೋಡಲು ಅಂದ, ಕೈಗೂ ಹತ್ತಿರ. ನಾವೂ ಮೊದಲು ಹೀಗೆಯೇ ಇಟ್ಟಿದ್ದೆವು. ಆರು ಪೆಟ್ಟಿಗೆ, ಎಲ್ಲಕ್ಕೂ ಒಂದೇ ಬಣ್ಣ, ಎಲ್ಲ ಬಾಗಿಲೂ ಪೂರ್ವಕ್ಕೆ, ನಡುವೆ ಒಂದು ಗೇಣು ಜಾಗ. ಮರುವರ್ಷ ಕಾಫಿ ಹೂ ಮುಗಿಯುವ ಹೊತ್ತಿಗೆ ಉಳಿದದ್ದು ಮೂರೇ ಕುಟುಂಬ. ಕಣಜದ ಕಾಟವಿರಲಿಲ್ಲ, ಮರಿಗಳಲ್ಲಿ ರೋಗ ಕಾಣಲಿಲ್ಲ. ಮೇಣದ ಹುಳು ಬಂದದ್ದು ಪೆಟ್ಟಿಗೆ ಬಡವಾದ ಮೇಲೆ. ತಪ್ಪಿದ್ದದ್ದು ನಾವು ಪೆಟ್ಟಿಗೆ ಇಟ್ಟ ರೀತಿಯಲ್ಲಿ.

ಕಾರಣವನ್ನು ಸ್ವಲ್ಪ ವಿವರಿಸಬೇಕು. ಕುಟುಂಬ ಪಾಲಾದಾಗ ಹಳೆಯ ರಾಣಿ ಒಂದಷ್ಟು ನೊಣಗಳೊಡನೆ ಹೊರಟುಹೋಗುತ್ತದೆ. ಪೆಟ್ಟಿಗೆಯಲ್ಲಿ ಹೊಸ ರಾಣಿ ಹುಟ್ಟುತ್ತದೆ. ಅದು ಹುಟ್ಟಿದ ಕೆಲವು ದಿನಗಳಲ್ಲಿ ಗಂಡುನೊಣಗಳ ಸಂಗಕ್ಕಾಗಿ ಹೊರಗೆ ಹಾರಿ, ಮರಳಿ ತನ್ನ ಪೆಟ್ಟಿಗೆಯನ್ನೇ ಸೇರಬೇಕು. ಆರು ಬಾಗಿಲುಗಳು ಒಂದೇ ತೆರನಾಗಿದ್ದರೆ ಅದಕ್ಕೆ ಗುರುತು ಹತ್ತುವುದು ಹೇಗೆ? ಪಕ್ಕದ ಬಾಗಿಲು ಹೊಕ್ಕರೆ ಅಲ್ಲಿಯ ನೊಣಗಳು ಅದನ್ನು ಕೊಂದುಬಿಡುತ್ತವೆ. ಇತ್ತ ಸ್ವಂತ ಪೆಟ್ಟಿಗೆಯಲ್ಲಿ ಬೇರೊಂದು ರಾಣಿಯನ್ನು ಬೆಳೆಸಲು ಎಳೆಯ ಮರಿಗಳೇ ಉಳಿದಿರುವುದಿಲ್ಲ. ಕೊನೆಗೆ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುತ್ತವೆ. ಅವುಗಳಿಂದ ಹುಟ್ಟುವುದೆಲ್ಲ ಗಂಡುನೊಣ. ಕೆಲವೇ ವಾರಗಳಲ್ಲಿ ಪೆಟ್ಟಿಗೆ ಬರಿದು. ಒಂದು ರಾಣಿ ದಾರಿ ತಪ್ಪಿದರೆ ಒಂದು ಸಂಸಾರವೇ ಹೋಯಿತೆಂದು ತಿಳಿಯಬೇಕು.

ಕೆಲಸಗಾರ ನೊಣಗಳೂ ಹೀಗೆಯೇ ಬಾಗಿಲು ತಪ್ಪುತ್ತವೆ. ಒಂದು ಪೆಟ್ಟಿಗೆ ತುಂಬುತ್ತದೆ, ಮತ್ತೊಂದು ಬಡವಾಗುತ್ತದೆ. ಮಳೆಗಾಲದಲ್ಲಿ ಹೂವಿಲ್ಲದೆ ಸಕ್ಕರೆ ಪಾಕ ಕೊಡುವಾಗ ಬಲವಾದ ಕುಟುಂಬ ಬಡಕುಟುಂಬದ ಮೇಲೆ ಬಿದ್ದು ಜೇನು ದೋಚುತ್ತದೆ. ಇದರೊಡನೆ ರೋಗವೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟುತ್ತದೆ.

ಇದು ಸಣ್ಣ ಮಾತಲ್ಲ. ನಮ್ಮ ಸೀಮೆಗೆ ಜೇನು ಸಾಕಣೆ ಹೊಸತಲ್ಲ. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿದ್ದು 1936ರಲ್ಲಿ. ಕೊಡಗಿನ ಜೇನಿಗೆ ಹೊರಗೂ ಒಳ್ಳೆಯ ಹೆಸರಿತ್ತು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಅಂತರ ಬಿಟ್ಟ ಮಾತ್ರಕ್ಕೆ ಅಂಥ ರೋಗ ಬಾರದೆಂದು ನಾವು ಹೇಳುವುದಿಲ್ಲ. ಆದರೆ ಒತ್ತಾಗಿಟ್ಟರೆ ಬಂದ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಹಾಗಾದರೆ ಇಡುವುದು ಹೇಗೆ? ತುಡುವೆ ಪೆಟ್ಟಿಗೆಗಳ ನಡುವೆ ಕನಿಷ್ಠ ಆರು ಅಡಿ ಬಿಡಿ, ಹತ್ತು ಅಡಿ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಸಾಲು ಮಾಡುವುದಾದರೆ ಸಾಲುಗಳ ನಡುವೆ ಹದಿನೈದು ಅಡಿಯಾದರೂ ಇರಲಿ. ಹಿಂದಿನ ಸಾಲಿನ ಪೆಟ್ಟಿಗೆ ಮುಂದಿನ ಎರಡರ ನಡುವಿನ ತೆರವಿಗೆ ಬರುವಂತಿರಲಿ. ಎಲ್ಲ ಬಾಗಿಲೂ ಒಂದೇ ಕಡೆಗೆ ಬೇಡ. ಒಂದು ಪೂರ್ವಕ್ಕಾದರೆ ಇನ್ನೊಂದು ಆಗ್ನೇಯಕ್ಕೆ, ಮತ್ತೊಂದು ಈಶಾನ್ಯಕ್ಕೆ ತಿರುಗಿರಲಿ. ಮಳೆಗಾಳಿ ಹೊಡೆಯುವ ಪಡುವಣಕ್ಕೆ ಮಾತ್ರ ಬಾಗಿಲು ಬೇಡ. ಮುಂಭಾಗಕ್ಕೆ ನೀಲಿ, ಹಳದಿ, ಬಿಳಿ ಹೀಗೆ ಬೇರೆ ಬೇರೆ ಬಣ್ಣ ಹಚ್ಚಿ. ಕೆಂಪು ಬಣ್ಣವನ್ನು ಜೇನ್ನೊಣ ಗುರುತಿಸಲಾರದು. ಹಾಲುವಾಣದ ಮರ, ಅಡಿಕೆ ಮರ, ಒಂದು ಬಂಡೆ, ಇವೂ ನೊಣಕ್ಕೆ ಒಳ್ಳೆಯ ಗುರುತುಗಳೇ.

ಪೆಟ್ಟಿಗೆಗೊಂದು ಪ್ರತ್ಯೇಕ ಕಾಲು ಇರಲಿ. ಒಂದೇ ಹಲಗೆಯ ಮೇಲೆ ಹಲವನ್ನಿಟ್ಟರೆ ಒಂದನ್ನು ತೆರೆಯುವಾಗ ಉಳಿದವೂ ಅಲುಗಿ ರೇಗುತ್ತವೆ. ಕಾಲು ಒಂದೂವರೆ ಅಡಿ ಎತ್ತರವಿದ್ದು, ಬುಡದಲ್ಲಿ ಇರುವೆಗೆ ತಡೆಯಾಗಿ ನೀರಿನ ಬಟ್ಟಲಿರಬೇಕು. ಹಿಂದೆ ನಿಂತು ಕೆಲಸ ಮಾಡಲು ಜಾಗ ಬಿಡಿ. ಬಾಗಿಲ ಮುಂದೆ ಆಳುಗಳು ಓಡಾಡುವ ದಾರಿಯಾಗಲಿ ಕೊಟ್ಟಿಗೆಯಾಗಲಿ ಬೇಡ. ಅಡಿಕೆ ತೋಟದ ನಡುವಿನ ಕತ್ತಲೆ ನೆರಳೂ ತಕ್ಕದ್ದಲ್ಲ, ಅಲ್ಲಿ ತಂಡಿ ಹೆಚ್ಚು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ತೋಟದ ಅಂಚೇ ಲೇಸು.

ಬಯಲುಸೀಮೆಗೆ ಈ ಕೊನೆಯ ಮಾತನ್ನು ಬದಲಿಸಿಕೊಳ್ಳಬೇಕು. ಗಂಗಾವತಿ ಕಡೆಯ ಮರಳಿಯಂಥ ಊರುಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಎರಿಯ ಮೇಣ ಮೆತ್ತಗಾಗಿ ಕುಸಿಯುವ ಭಯ ಅಲ್ಲಿ ತಂಡಿಗಿಂತ ದೊಡ್ಡದು. ಆದ್ದರಿಂದ ಬೇವು, ಮಾವಿನ ಗಟ್ಟಿ ನೆರಳು ಬೇಕು, ಹತ್ತಿರದಲ್ಲೇ ಶುದ್ಧ ನೀರು ಬೇಕು. ಭತ್ತದ ಗದ್ದೆಗೆ ಔಷಧಿ ಹೊಡೆಯುವ ದಿನ ಮೊದಲೇ ತಿಳಿದಿರಬೇಕು. ನೆರಳು ಒಂದೇ ಮರದ್ದೆಂದು ಪೆಟ್ಟಿಗೆಗಳನ್ನು ಬುಡಕ್ಕೆ ಒತ್ತಬಾರದು. ಅಂತರದ ನಿಯಮ ಅಲ್ಲಿಗೂ ಇಲ್ಲಿಗೂ ಒಂದೇ.

ಇದನ್ನೋದಿದ ಸದಸ್ಯರು ನಾಳೆಯೇ ಪೆಟ್ಟಿಗೆಗಳನ್ನು ಎತ್ತಿ ದೂರ ಇಡಲು ಹೊರಡಬಾರದು. ಮೇಯಲು ಹೋದ ನೊಣಗಳು ಹಳೆಯ ಜಾಗಕ್ಕೇ ಮರಳಿ ಬಂದು ಸಾಯುತ್ತವೆ. ದಿನಕ್ಕೆ ಒಂದೆರಡು ಅಡಿಯಂತೆ ಸರಿಸುತ್ತ ಹೋಗಿ. ಹೊಸ ರಾಣಿ ಹುಟ್ಟಿ ಇನ್ನೂ ಮೊಟ್ಟೆಯಿಡದ ಪೆಟ್ಟಿಗೆಯನ್ನು ಮಾತ್ರ ಆ ದಿನಗಳಲ್ಲಿ ಮುಟ್ಟಬೇಡಿ.

ರೋಬಸ್ಟಾ ಬೆಳೆಗಾರರಿಗೆ ಇದರಿಂದ ಇನ್ನೊಂದು ಲಾಭವಿದೆ. ರೋಬಸ್ಟಾ ಹೂವು ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟದು. ಗಾಳಿಯೋ ನೊಣವೋ ಬೇರೆ ಗಿಡದ್ದನ್ನು ತರಬೇಕು. ಹೂಮಳೆಯಾಗಿ ತೋಟ ಬೆಳ್ಳಗಾಗುವುದು ಎರಡು ಮೂರು ದಿನ ಮಾತ್ರ. ಆಗ ಪೆಟ್ಟಿಗೆಗಳು ಮನೆಯಂಗಳದಲ್ಲಿ ಗುಂಪಾಗಿರುವುದಕ್ಕಿಂತ ತೋಟದಲ್ಲಿ ಅಲ್ಲಲ್ಲಿ ಹಂಚಿಹೋಗಿದ್ದರೆ ಒಳ್ಳೆಯದಲ್ಲವೇ?

ನಾವು ಈಗ ಉಳಿದ ಮೂರರಿಂದ ಮತ್ತೆ ಏಳು ಕುಟುಂಬ ಮಾಡಿಕೊಂಡಿದ್ದೇವೆ. ಒಂದರ ಬಾಗಿಲಿನಿಂದ ಇನ್ನೊಂದು ಕಾಣದಷ್ಟು ದೂರ ಇಟ್ಟಿದ್ದೇವೆ. ನೋಡಿ ಬರಲು ನಡೆಯಬೇಕಾದದ್ದು ಸ್ವಲ್ಪ ಹೆಚ್ಚಾಯಿತು, ಅಷ್ಟೇ.