ಸಿಗ್ನಲ್ಲೇ ಇಲ್ಲದ ಊರಿಗೆ ಎಚ್‌ಡಿ ಆಂಟೆನಾ!

ಕಲಬುರಗಿ: "ತಿಂಗಳ ಬಾಡಿಗೆ ಇಲ್ಲ, ಒಮ್ಮೆ ಹಾಕಿದರೆ ಜೀವನಪೂರ್ತಿ ಪುಕ್ಕಟೆ, ಅದೂ ಎಚ್‌ಡಿ ಚಿತ್ರ!" ಮೊಬೈಲಿನಲ್ಲಿ ಇಂಥ ಜಾಹೀರಾತು ನೋಡಿ ಹಪ್ಪಳದಂಥ ತೆಳ್ಳನೆ ಆಂಟೆನಾ ತರಿಸುವ ಅಂಗಡಿಕಾರರೇ, ಸ್ವಲ್ಪ ತಡೆಯಿರಿ. ಗೋಡೆಗೆ ಅಂಟಿಸಿ, ಟಿವಿಗೆ ವೈರು ಸಿಕ್ಕಿಸಿ, ಚಾನೆಲ್ ಹುಡುಕಲು ಬಿಟ್ಟರೆ ಪರದೆ ಮೇಲೆ ಬರುವ ಉತ್ತರ ಒಂದೇ: ಸೊನ್ನೆ. ಕ್ರಿಕೆಟ್ ತೋರಿಸಿ ನಾಲ್ಕು ಗಿರಾಕಿ ಹೆಚ್ಚು ಕೂರಿಸೋಣ ಎಂದುಕೊಂಡ ಚಹಾದಂಗಡಿಯವನಿಗೆ ದುಡ್ಡೂ ಹೋಯಿತು, ಮ್ಯಾಚೂ ಹೋಯಿತು.

ತಪ್ಪು ಆಂಟೆನಾದ್ದಲ್ಲ. ಗಾಳಿಯಲ್ಲಿ ಬಂದ ತರಂಗ ಹಿಡಿಯುವುದಷ್ಟೇ ಅದರ ಕೆಲಸ. ಬಾವಿಯಲ್ಲಿ ನೀರಿಲ್ಲದಿದ್ದರೆ ಕೊಡ ಬೆಳ್ಳಿಯದಾದರೇನು, ಹಿತ್ತಾಳೆಯದಾದರೇನು? "ಎಚ್‌ಡಿ ಆಂಟೆನಾ" ಎಂಬುದೇ ಮಾರುವವರು ಇಟ್ಟ ಹೆಸರು. ಎಚ್‌ಡಿ ಇರುವುದು ಪ್ರಸಾರದಲ್ಲಿ, ಅಲ್ಯೂಮಿನಿಯಂ ಕಡ್ಡಿಯಲ್ಲಲ್ಲ.

ಅಲ್ಲಿ ಖರೆ, ಇಲ್ಲಿ ಸುಳ್ಳು

ಅಮೆರಿಕದಲ್ಲಿ ಈ ಮಾತು ಖರೆ. 2009ರ ಜೂನ್ 12ರಂದು ಅಲ್ಲಿನ ದೊಡ್ಡ ಟಿವಿ ಸ್ಟೇಷನ್ನುಗಳು ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಿ ಪೂರ್ತಿ ಡಿಜಿಟಲ್ ಆದವು. ಸ್ಟೇಷನ್ ಹತ್ತಿರವಿದ್ದರೆ ಮನೆಯೊಳಗಿನ ಸಣ್ಣ ಆಂಟೆನಾಕ್ಕೂ ಎಚ್‌ಡಿ ಚಿತ್ರ ಪುಕ್ಕಟೆ. ದೂರವಿದ್ದರೆ ಮಾಳಿಗೆ ಮೇಲೆ ಕಂಬ ನೆಡಲೇಬೇಕು. ಹಿಂದಿನ ಹಾಗೆ ಚಿತ್ರದಲ್ಲಿ ಹುಳ ಹರಿದಾಡುವುದಿಲ್ಲ, ಒಬ್ಬ ಮನುಷ್ಯ ಇಬ್ಬರಾಗಿ ಕಾಣುವುದಿಲ್ಲ. ಬಂದರೆ ಸ್ವಚ್ಛ ಚಿತ್ರ. ಸಿಗ್ನಲ್ ಒಂದು ಮಟ್ಟಕ್ಕಿಂತ ಇಳಿದರೆ ಚೂರು ಚೂರಾಗಿ ಕತ್ತಲೆ.

ಹಾಗಂತ ಅಲ್ಲಿರುವ ಮಗ ತಂದುಕೊಟ್ಟ ಆಂಟೆನಾ ಇಲ್ಲಿ ನಡೆಯುತ್ತದೆಯೇ? ಹಿಡಿಯಲು ಏನಾದರೂ ಇರಬೇಕಲ್ರಿ! ಅಲ್ಲಿಂದ ಟಿವಿಯನ್ನೇ ಹೊತ್ತು ತಂದರೂ ಕಷ್ಟ. ಅವರ ಡಿಜಿಟಲ್ ಪದ್ಧತಿ ಬೇರೆ, ನಮ್ಮ ದೇಶ ಆರಿಸಿಕೊಂಡದ್ದು ಬೇರೆ.

ಕೋಳಿ ಜಾಲರಿಯ ಕಾಲ

ವಿಚಿತ್ರವೆಂದರೆ ಟಿವಿ ವಿಷಯದಲ್ಲಿ ಬೆಂಗಳೂರಿಗಿಂತ ಈ ಊರೇ ಹಿರಿಯ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಪ್ರಯೋಗದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂತು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಸುಮಾರು 10 ಅಡಿಯ ಛತ್ರಿಯೇ ಆಂಟೆನಾ! 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಶುರುವಾಯಿತು. ಬೆಂಗಳೂರಿನವರು 1981ರ ತನಕ ಕಾದರು. ಆಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಇಲ್ಲದ ಮನೆ ಸಿರಿವಂತರ ಮನೆಯೇ ಅಲ್ಲ ಎನ್ನುವ ಕಾಲವೂ ಬಂತು. ಒಬ್ಬ ಮಾಳಿಗೆ ಹತ್ತಿ ಕಡ್ಡಿ ತಿರುಗಿಸುವುದು, ಕೆಳಗಿನಿಂದ ಮನೆಮಂದಿಯೆಲ್ಲ "ಬಂತು, ಬಂತು... ಹೋತು!" ಎಂದು ಕೂಗುವುದು.

ಆ ಅನಲಾಗ್ ಪ್ರಸಾರವನ್ನು ದೇಶದಾದ್ಯಂತ ಹಂತಹಂತವಾಗಿ ಮುಚ್ಚುವುದಾಗಿ ಪ್ರಸಾರ ಭಾರತಿ 2021ರಲ್ಲಿ ಸ್ಪಷ್ಟಪಡಿಸಿತು. ಉಳಿಸಿಕೊಂಡದ್ದು ಆಯಕಟ್ಟಿನ ಸುಮಾರು 50 ಕಡೆ ಮಾತ್ರ. ಕಲಬುರಗಿ ಕೇಂದ್ರದ ಕಾರ್ಯಕ್ರಮ ಇನ್ನು ಉಪಗ್ರಹದ ಮೂಲಕ ಬರುತ್ತದೆ ಎಂದೂ ಹೇಳಿತು. ಮುಚ್ಚಿದ ಕಡೆ ಡಿಜಿಟಲ್ ಗೋಪುರ ಎದ್ದಿತೇ? 2016ರಲ್ಲಿ ದೂರದರ್ಶನ ಆಂಟೆನಾ ಮೂಲಕ ಡಿಜಿಟಲ್ ಪ್ರಸಾರ ಆರಂಭಿಸಿದ್ದು 16 ನಗರಗಳಲ್ಲಿ; ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ್ದು ಬೆಂಗಳೂರು ಒಂದೇ. ಮೊದಲು ಟಿವಿ ಕಂಡ ಜಿಲ್ಲೆಗಳಿಗೆ ಸಿಕ್ಕ ಮರ್ಯಾದೆ ಇದು.

ಬಾಡಿಗೆ ಇಲ್ಲದೆ ಟಿವಿ ಬೇಕೆಂದರೆ ದಾರಿ ಇದೆ: ದೂರದರ್ಶನದ ಫ್ರೀ ಡಿಶ್. ಛತ್ರಿ ಮತ್ತು ಪೆಟ್ಟಿಗೆಗೆ ಒಮ್ಮೆ ದುಡ್ಡು ಕೊಟ್ಟರೆ ಆಯಿತು, ಚಂದನವೂ ಸಿಗುತ್ತದೆ. ಎಲ್ಲ ಚಾನೆಲ್ಲೂ ಎಚ್‌ಡಿ ಅಲ್ಲ, ಮೊದಲೇ ಕೇಳಿಕೊಳ್ಳಿ. ಛತ್ರಿಯ ಮುಖ ಆಗ್ನೇಯಕ್ಕೆ, ಅಂದರೆ ಅಡುಗೆಮನೆ ಮೂಲೆಗೆ. ಆ ಕಡೆ ಮರ, ಎತ್ತರದ ಕಟ್ಟಡ ಅಡ್ಡ ಇರಬಾರದು. ಮಾಳಿಗೆ ಮೇಲಿನ ಹಳೆಯ ಕಡ್ಡಿ ಆಂಟೆನಾ ಗುಜರಿಯವನಿಗೆ ಅಲ್ಯೂಮಿನಿಯಂ ತೂಕಕ್ಕೆ ನಡೆಯುತ್ತದೆ.